ಮುದ್ದಣನ ದಾರಿಯಲ್ಲಿ ಮೂರು ಬೈಕು

1901ನೇ ಇಸವಿಯಲ್ಲಿ ಮೂರು ಸಂಗತಿ ನಡೆದವು. ಇಂಗ್ಲೆಂಡಿನ ರೆಡಿಚ್ ಎಂಬ ಊರಿನಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ ಮೊದಲ ಮೋಟಾರ್ ಸೈಕಲ್ ತಯಾರಿಸಿತು. ನಮ್ಮ ಕಾಪುವಿನಲ್ಲಿ, ಕಡಲ ಬದಿಯ ಬಂಡೆಯ ಮೇಲೆ ಲೈಟ್‌ಹೌಸ್ ಎದ್ದು ನಿಂತಿತು. ಅದೇ ವರ್ಷದ ಫೆಬ್ರವರಿಯಲ್ಲಿ ಉಡುಪಿಯ ಒಬ್ಬ ಡ್ರಿಲ್ ಮಾಸ್ಟರು ಕ್ಷಯರೋಗದಿಂದ ತೀರಿಹೋದರು. ಆಗ ಅವರಿಗೆ 31 ವರ್ಷ. ಮೊದಲ ಎರಡರ ಪರಿಚಯ ನಮಗೆಲ್ಲ ಉಂಟು. ಒಂದನ್ನು ಓಡಿಸ್ತೇವೆ, ಇನ್ನೊಂದರ ಮುಂದೆ ನಿಂತು ಫೋಟೊ ತೆಗೀತೇವೆ. ಮೂರನೆಯದರ ಕುರಿತು ಈ ಬರಹ.

ಆ ಡ್ರಿಲ್ ಮಾಸ್ಟರರ ಹೆಸರು ನಂದಳಿಕೆ ಲಕ್ಷ್ಮೀನಾರಣಪ್ಪ. ಮುದ್ದಿನ ಹೆಸರು ಮುದ್ದಣ. ನವೆಂಬರ್ ಬಂದ ಕೂಡಲೇ ನಮ್ಮ ಕ್ಯಾಂಪಸ್ಸಿನ ಪೋಸ್ಟರುಗಳಲ್ಲಿ, ವಾಟ್ಸಾಪ್ ಸ್ಟೇಟಸ್ಸುಗಳಲ್ಲಿ ಕನ್ನಡವನ್ನು ಕಸ್ತೂರಿಗೆ ಹೋಲಿಸುವ ಮಾತು ಹರಿದಾಡ್ತದಲ್ಲ, ಅದು ಬಂದದ್ದು ಇವನ ಪುಸ್ತಕದಿಂದ. ಮಾತು ಎಲ್ಲರಿಗೂ ಗೊತ್ತು, ಬರೆದವನು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಅವನು ಹುಟ್ಟಿದ ಊರಿಗೆ ನಮ್ಮ ಹಾಸ್ಟೆಲಿನಿಂದ ಬೈಕಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. (ಕವಿಯನ್ನು ಏಕವಚನದಲ್ಲಿ ಕರೆಯುವುದು ಕನ್ನಡದಲ್ಲಿ ರೂಢಿ. ಸಲಿಗೆ ಅಂತ ತಿಳ್ಕೊಳ್ಳಿ.)

ಯುರೋಪಿನ ಬೈಕರ್‌ಗಳು ಕ್ರಿಸ್ಮಸ್ ರಜೆಗೆ ಹಿಮ, ಚಳಿ ಎಲ್ಲ ಬಿಟ್ಟು ದಕ್ಷಿಣ ಸ್ಪೇನಿಗೆ ಹೋಗಿ ಬೆಟ್ಟದ ತಿರುವುಗಳಲ್ಲಿ ಓಡಾಡುವ ವಿಡಿಯೊಗಳನ್ನು ನಾವು ಪರೀಕ್ಷೆ ಸಮಯದಲ್ಲೇ ಕೂತು ನೋಡ್ತೇವೆ. ಆ ಬಜೆಟ್ ನಮ್ಮತ್ರ ಇಲ್ಲ ಬಿಡಿ. ಆದ್ರೆ ಬೈಕ್ ಓಡಿಸ್ಲಿಕ್ಕೆ ನಮ್ಮ ಕರಾವಳಿಯ ಡಿಸೆಂಬರ್ ಏನೂ ಕಡಿಮೆ ಇಲ್ಲ. ಮಳೆ ಬಿಟ್ಟಿರ್ತದೆ, ಬೆಳಿಗ್ಗೆ ಜಾಕೆಟ್ ಬೇಕೆನಿಸುವಷ್ಟು ತಂಪು, ಗದ್ದೆಗಳಲ್ಲಿ ಇನ್ನೂ ಹಸಿರು ಉಳಿದಿರ್ತದೆ. ಹಾಗಾಗಿ ಸೆಮಿಸ್ಟರ್ ಮುಗಿದ ವಾರ ನಾವು ಐದು ಜನ, ಮೂರು ಬೈಕು, ಒಂದು ದಿನದ ರೈಡ್ ಹಾಕಿಕೊಂಡೆವು. ಮಣಿಪಾಲದಿಂದ ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ. ಅಲ್ಲಿಂದ ನಿಟ್ಟೆ ಮೇಲೆ ನಂದಳಿಕೆ. ಆಮೇಲೆ ಬೆಳ್ಮಣ್, ಶಿರ್ವ, ಕಟಪಾಡಿ ಹಾದು ಉಡುಪಿ. ಸಂಜೆಗೆ ಕಾಪು, ರಾತ್ರಿಗೆ ವಾಪಸ್. ಹೆಚ್ಚು ಕಡಿಮೆ ನೂರ ಇಪ್ಪತ್ತು ಕಿಲೋಮೀಟರ್. ಲೀಟರಿಗೆ ನಲವತ್ತರ ಲೆಕ್ಕದಲ್ಲಿ ಮೂರು ಲೀಟರ್ ಪೆಟ್ರೋಲ್. ಮ್ಯಾಪಿನಲ್ಲಿ ಈ ಸುತ್ತು ಹಾಕಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮುದ್ದಣನ ಆಯುಸ್ಸಿನ ಬಹುಪಾಲು ಈ ಮೂರು ಲೀಟರಿನ ಒಳಗೇ ಕಳೆದಿತ್ತು.

ಕಾರ್ಕಳ, ನಂದಳಿಕೆ

ಕಾರ್ಕಳದಲ್ಲಿ ಬಿಸಿಲು ಏರುವ ಮೊದಲೇ ಗೊಮ್ಮಟಬೆಟ್ಟ ಹತ್ತಿದರೆ ಒಳ್ಳೆಯದು. 42 ಅಡಿಯ ಏಕಶಿಲಾ ಮೂರ್ತಿ, ನಿಲ್ಲಿಸಿದ್ದು 1432ರಲ್ಲಿ. ನಿಲ್ಲಿಸಿದ ಅರಸ ವೀರಪಾಂಡ್ಯನ ಹೆಸರು ಅಲ್ಲೇ ಶಾಸನದಲ್ಲಿ ಉಂಟು. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು. ಐನೂರು, ಆರುನೂರು ವರ್ಷ ಉಳಿಯಬೇಕು ಎಂದು ಕಟ್ಟಿದವರು ಕಲ್ಲಿನಲ್ಲಿ ಕಟ್ಟಿದರು, ಹೆಸರನ್ನೂ ಕಲ್ಲಿನಲ್ಲೇ ಕೊರೆಸಿದರು. ಈ ಬೆಟ್ಟದಿಂದ ಇಳಿದು ನಂದಳಿಕೆಗೆ ಹೋಗುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಯಾಕೆಂದರೆ ನಂದಳಿಕೆಯ ಹುಡುಗ ಮಾಡಿದ್ದು ಇದರ ಪೂರ್ತಿ ಉಲ್ಟಾ.

ಮುದ್ದಣ ಹುಟ್ಟಿದ್ದು 1870ರ ಜನವರಿ 24ರಂದು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಬಡ ಮನೆ. ನಂದಳಿಕೆ ಇವತ್ತಿಗೂ ಸಣ್ಣ ಊರೇ. ಗದ್ದೆ, ಅಡಿಕೆ ತೋಟ, ಮಹಾಲಿಂಗೇಶ್ವರ ದೇವಸ್ಥಾನ, ಸಿರಿಜಾತ್ರೆಯ ಸಮಯದಲ್ಲಿ ಮಾತ್ರ ಕಾಲಿಡಲು ಜಾಗ ಇಲ್ಲದಷ್ಟು ಜನ. ನಮ್ಮ ಕಡೆಯ ಬೇರೆ ಊರುಗಳ ಹಾಗೆ ಅಲ್ಲಿಯೂ ಪೇಟೆಯ, ಗದ್ದೆಯ ಮಾತು ತುಳು. ಪುರಾಣದ ಕಥೆ, ಕನ್ನಡದ ಪದ, ತಾಳಮದ್ದಳೆಯ ಮಾತುಗಾರಿಕೆ ಜನರ ಕಿವಿಗೆ ಬೀಳುತ್ತಿದ್ದುದು ಯಕ್ಷಗಾನದಿಂದ. ಮುಂದೆ ಅವನು ಬರೆಯಲು ಕೂತಾಗ ಮೊದಲು ಕೈಗೆ ಬಂದದ್ದೂ ಯಕ್ಷಗಾನ ಪ್ರಸಂಗವೇ.

ಊರಿನಲ್ಲಿ ಆರಂಭದ ಓದು ಮುಗಿಸಿ ಅವನು ಉಡುಪಿಗೆ ಬಂದ. ಇಂಗ್ಲಿಷ್ ಓದಬೇಕು ಅಂತ ಆಸೆ ಇತ್ತು. ಬಡತನದಿಂದ ಅದು ಅರ್ಧಕ್ಕೆ ನಿಂತಿತು. ಶಿಕ್ಷಕರ ತರಬೇತಿಗೆ ಸೇರಿದ, ಅದರಲ್ಲಿಯೂ ನೆಲೆ ನಿಲ್ಲಲಿಲ್ಲ. ಕೊನೆಗೆ ಅವನಿಗೆ ಅನ್ನ ಕೊಟ್ಟದ್ದು ವ್ಯಾಯಾಮ. ಅಂಗಸಾಧನೆಯಲ್ಲಿ ಗಟ್ಟಿಗ ಎಂದು ಹೆಸರಾಗಿ, ಮದರಾಸಿಗೆ ಹೋಗಿ ತರಬೇತಿ ಪಡೆದು, ಉಡುಪಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾದ. ಆಗ ಇನ್ನೂ ಇಪ್ಪತ್ತರ ಆಸುಪಾಸು, ಹೆಚ್ಚು ಕಡಿಮೆ ನಮ್ಮದೇ ಪ್ರಾಯ.

ಇಲ್ಲಿ ನಾವು ಸ್ವಲ್ಪ ನಿಂತೆವು, ಬೈಕನ್ನೂ ನಿಲ್ಲಿಸಿದೆವು. ನಮ್ಮ ಬ್ಯಾಚಿನಲ್ಲಿ ಚಿತ್ರ ಬಿಡಿಸುವವರು ಮೆಕ್ಯಾನಿಕಲ್‌ನಲ್ಲಿ ಇದ್ದಾರೆ, ಹಾಡುವವರು ಸಿವಿಲ್‌ನಲ್ಲಿ ಇದ್ದಾರೆ, ಕಥೆ ಬರೆಯುವವರು ಡೇಟಾ ಸೈನ್ಸ್‌ನಲ್ಲಿ ಇದ್ದಾರೆ. ಬೇಕಾದದ್ದು ಒಂದು, ಕೆಲಸ ಸಿಗುವುದು ಇನ್ನೊಂದು ಎಂಬ ಲೆಕ್ಕ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಹಗಲು ಮೈದಾನದಲ್ಲಿ ಸಾಲು ನಿಲ್ಲಿಸಿ ಡ್ರಿಲ್ ಮಾಡಿಸುವವನೊಬ್ಬ ರಾತ್ರಿ ಹಳಗನ್ನಡದಲ್ಲಿ ಬರೆಯುತ್ತಿದ್ದ ಎಂಬುದು ಅವನ ಶಾಲೆಯ ಮಕ್ಕಳಿಗೆ ಗೊತ್ತಿತ್ತೋ ಇಲ್ಲವೋ.

ಉಡುಪಿ, ಕುಂದಾಪುರ

ಇವತ್ತು ಉಡುಪಿಯಿಂದ ಕುಂದಾಪುರಕ್ಕೆ ಹೈವೇಯಲ್ಲಿ ಮುಕ್ಕಾಲು ಗಂಟೆ ಸಾಕು. ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಅದೂ ಬೇಡ. ಮುದ್ದಣನ ಕಾಲದಲ್ಲಿ ಈ ಜಿಲ್ಲೆಯಲ್ಲಿ ರೈಲೇ ಇರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಉಡುಪಿ ರೈಲು ನೋಡಿದ್ದು ಕೊಂಕಣ ರೈಲ್ವೆ ಬಂದ ಮೇಲೆ, 1990ರ ದಶಕದಲ್ಲಿ. ಕುಂದಾಪುರಕ್ಕೆ ಹೋಗಬೇಕಾದರೆ ಕಲ್ಯಾಣಪುರದ ಹತ್ತಿರ ಸ್ವರ್ಣಾ, ಮುಂದೆ ಸೀತಾ ನದಿ, ಎಲ್ಲ ದೋಣಿಯಲ್ಲಿ ದಾಟಿ ಉಳಿದದ್ದು ಕಾಲ್ನಡಿಗೆ ಇಲ್ಲವೇ ಎತ್ತಿನ ಗಾಡಿ. ನಾವು ಓದುವ ಮಣಿಪಾಲ ಆಗ ಮುಳಿಹುಲ್ಲು, ಮುರಕಲ್ಲಿನ ಬೋಳು ಗುಡ್ಡ. ಇಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ, ಇಂಜಿನಿಯರಿಂಗ್ ಕಾಲೇಜು 1957ರಲ್ಲಿ.

ಇಂಥ ದಾರಿಯಲ್ಲೇ ಮುದ್ದಣ ಉಡುಪಿಯಿಂದ ಕುಂದಾಪುರಕ್ಕೆ ಹೋಗಿ ಅಲ್ಲಿಯ ಹೈಸ್ಕೂಲಿನಲ್ಲಿ ಕೆಲವು ಕಾಲ ಕೆಲಸ ಮಾಡಿದ. ಮತ್ತೆ ಉಡುಪಿಗೆ ಬಂದು ಕ್ರಿಶ್ಚಿಯನ್ ಹೈಸ್ಕೂಲಿಗೆ ಸೇರಿದ. ಡ್ರಿಲ್ ಜೊತೆಗೆ ಕನ್ನಡವನ್ನೂ ಕಲಿಸಿದ. ಉಡುಪಿಯಲ್ಲಿ ಅವನಿಗೆ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಒಡನಾಟ ಸಿಕ್ಕಿತು. ಹಳಗನ್ನಡ, ಸಂಸ್ಕೃತ ಕಾವ್ಯಗಳ ಓದು ಅಲ್ಲಿ ಗಟ್ಟಿಯಾಯಿತು. ಡಿಗ್ರಿ ಇಲ್ಲ, ಕೋರ್ಸ್ ಇಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಓದಿ, ತಿಳಿದವರನ್ನು ಕೇಳಿ ಕಲಿತ ವಿದ್ಯೆ ಅದು.

ಮೊದಲು ಎರಡು ಯಕ್ಷಗಾನ ಪ್ರಸಂಗ ಬರೆದ: ರತ್ನಾವತಿ ಕಲ್ಯಾಣ, ಕುಮಾರ ವಿಜಯ. ಕುಮಾರ ವಿಜಯದ ಹೆಸರು ಯಕ್ಷಗಾನದವರ ಬಾಯಲ್ಲಿ ಇವತ್ತಿಗೂ ಉಂಟು. 1893ರಲ್ಲಿ ಮದುವೆಯಾಯಿತು. ಹೆಂಡತಿ ಕಮಲಾ, ಘಟ್ಟದ ಮೇಲೆ ಶಿವಮೊಗ್ಗ ಕಡೆಯವಳು. ಆಮೇಲಿನ ಏಳೆಂಟು ವರ್ಷಗಳಲ್ಲಿ ಅವನು ಮೂರು ದೊಡ್ಡ ಕೆಲಸ ಮಾಡಿದ. ಅದ್ಭುತ ರಾಮಾಯಣ ಗದ್ಯ, ಅದರಲ್ಲಿ ಸಾವಿರ ತಲೆಯ ರಾವಣನನ್ನು ಕೊಲ್ಲುವವಳು ಸೀತೆ. ಶ್ರೀರಾಮ ಪಟ್ಟಾಭಿಷೇಕ ವಾರ್ಧಕ ಷಟ್ಪದಿಯ ಪದ್ಯಕಾವ್ಯ. ಕೊನೆಯದು ಶ್ರೀರಾಮಾಶ್ವಮೇಧ, ಮತ್ತೆ ಗದ್ಯ.

ಇವುಗಳನ್ನು ಅವನು ಪೋಸ್ಟಿನಲ್ಲಿ ಮೈಸೂರಿಗೆ ಕಳಿಸಿದ. ಆಗ ಮೈಸೂರು ಬೇರೆ ಸಂಸ್ಥಾನ, ಉಡುಪಿ ಇದ್ದದ್ದು ಮದರಾಸು ಪ್ರೆಸಿಡೆನ್ಸಿಯ ಸೌತ್ ಕೆನರಾದಲ್ಲಿ. ಮೈಸೂರಿನಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವ ಕಾವ್ಯಮಂಜರಿ, ಕಾವ್ಯಕಲಾನಿಧಿ ಎಂಬ ಪತ್ರಿಕೆಗಳಿದ್ದವು. ಮುದ್ದಣ ಅವುಗಳ ಸಂಪಾದಕರಿಗೆ ತನ್ನ ಕೃತಿಗಳನ್ನು ತನ್ನವು ಎಂದು ಹೇಳಲಿಲ್ಲ. ಹಳೆಯ ಕವಿಗಳದ್ದು, ತನಗೆ ಸಿಕ್ಕಿದ್ದು ಎಂಬಂತೆ ಕಳಿಸಿದ. ಪಟ್ಟಾಭಿಷೇಕವನ್ನು ಬರೆದದ್ದು ಮಹಾಲಕ್ಷ್ಮಿ ಎಂಬಾಕೆ ಎಂದು ತೋರಿಸಿದ. ಅದು ಅವನ ಅಮ್ಮನ ಹೆಸರು. ರಾಮಾಶ್ವಮೇಧದಲ್ಲಿ ಮುದ್ದಣ ಎಂಬ ಕವಿ ಬರುತ್ತಾನೆ, ಆದರೆ ಓದಿದವರು ಅವನನ್ನು ಯಾವುದೋ ಅರಸನ ಆಸ್ಥಾನದ ಹಳೇ ಕವಿ ಅಂತಲೇ ತಿಳಿದರು. ಹಳಗನ್ನಡ ಅಷ್ಟು ಸಲೀಸಾಗಿ ಅವನ ಕೈಯಲ್ಲಿ ಆಡುತ್ತಿತ್ತು.

ಯಾಕೆ ಮುಚ್ಚಿಟ್ಟ? ಉಡುಪಿಯ ಒಬ್ಬ ಡ್ರಿಲ್ ಮಾಸ್ಟರು ಕಾವ್ಯ ಬರೆದಿದ್ದಾನೆ ಅಂದ್ರೆ ಆಗಿನ ಪಂಡಿತರು ಪುಟ ತಿರುಗಿಸುವುದೂ ಕಷ್ಟವಿತ್ತು, ಹಳೆಯದು ಎಂದರೆ ಗೌರವ ತಾನೇ ಬರುತ್ತಿತ್ತು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ನಮಗೂ ಅದು ಸರಿ ಕಾಣ್ತದೆ. ನಮ್ಮಲ್ಲಿ ಮಿನಿ ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಅಂತ ಎರಡು ದಿನ ಮಾತು ಬಿಟ್ಟವರಿದ್ದಾರೆ. ಇಡೀ ಪುಸ್ತಕವನ್ನೇ ಬರೆದು, ಅದು ನನ್ನದಲ್ಲ ಎಂದು ಸ್ಟಾಂಪು ಅಂಟಿಸಿ ಕಳಿಸುವುದು ಎಂಥ ಕಷ್ಟ ಅಂತ ಊಹಿಸಿ ನೋಡಿ. ಬರಹ ಓದಿಸಿಕೊಳ್ಳಬೇಕು, ಹೆಸರು ಹೋದರೆ ಹೋಗಲಿ ಎಂಬ ಲೆಕ್ಕಕ್ಕೆ ಅವನು ಬಂದಿದ್ದ.

ಕುದುರೆಯ ಕಥೆ

ರಾಮಾಶ್ವಮೇಧದ ಕಥೆ ರಾವಣನನ್ನು ಕೊಂದ ನಂತರದ್ದು. ಆ ಪಾಪ ಕಳೆಯಲು ರಾಮ ಅಶ್ವಮೇಧ ಮಾಡಬೇಕು. ಯಾಗದ ಕುದುರೆಯನ್ನು ಬಿಡುತ್ತಾರೆ. ಅದು ತನ್ನಿಷ್ಟಕ್ಕೆ ದೇಶ ಸುತ್ತುತ್ತದೆ. ಹಿಂದಿನಿಂದ ಶತ್ರುಘ್ನ ಸೈನ್ಯ ತೆಗೆದುಕೊಂಡು ಹೋಗುತ್ತಾನೆ. ಕಟ್ಟಿದವರ ಜೊತೆ ಯುದ್ಧ, ಬಿಟ್ಟವರ ಜೊತೆ ಸ್ನೇಹ. ಊರು, ಕಾಡು, ನದಿ, ಆಶ್ರಮ ಎಲ್ಲ ದಾಟಿ ಕೊನೆಗೆ ಕುದುರೆ ವಾಲ್ಮೀಕಿಯ ಆಶ್ರಮಕ್ಕೆ ಬರುತ್ತದೆ. ಅಲ್ಲಿ ಲವ ಅದನ್ನು ಕಟ್ಟಿಹಾಕುತ್ತಾನೆ. ಬೈಕ್ ರೈಡಿಗೆ ಹೊರಟವರಿಗೆ ಇದಕ್ಕಿಂತ ಹತ್ತಿರದ ಪುರಾಣ ಕಥೆ ಬೇರೆ ಸಿಗ್ಲಿಕ್ಕಿಲ್ಲ. ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿಲ್ಲದ, ದಾರಿಯೇ ಕಥೆಯಾಗುವ ಪ್ರಯಾಣ ಅದು. ಇಷ್ಟು ದೊಡ್ಡ ತಿರುಗಾಟವನ್ನು ಬರೆದವನು, ಮದರಾಸಿಗೆ ಹೋಗಿ ಬಂದದ್ದು ಬಿಟ್ಟರೆ, ನಂದಳಿಕೆ, ಉಡುಪಿ, ಕುಂದಾಪುರದ ನಡುವೆ ಬದುಕಿದವ.

ಆದರೆ ಪುಸ್ತಕ ಹೆಸರಾದದ್ದು ಕುದುರೆಯಿಂದಲ್ಲ, ಮನೋರಮೆಯಿಂದ. ಮಳೆಗಾಲ. ಕವಿ ಮುದ್ದಣ ಅರಮನೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆಗೆ ಹೊತ್ತು ಹೋಗಲು ಒಂದು ಕಥೆ ಬೇಕು. ಯಾವ ಕಥೆ ಎಂದು ಚರ್ಚೆ, ಪದ್ಯವೋ ಗದ್ಯವೋ ಎಂದು ಚೌಕಾಸಿ. ಅವಳಿಗೆ ಬೇಕಾದದ್ದು ಗದ್ಯ. ಇವನು ಶುರು ಮಾಡುವಾಗಲೇ ಸಂಸ್ಕೃತದ ಉದ್ದುದ್ದ ಸಮಾಸ ಬಿಡುತ್ತಾನೆ. ಅವಳು ಅಲ್ಲಿಗೇ ತಡೆದು, ನನಗೆ ತಿಳಿಯುವ ಕನ್ನಡದಲ್ಲಿ ಹೇಳು ಎಂಬ ಅರ್ಥದಲ್ಲಿ ತಕರಾರು ತೆಗೆಯುತ್ತಾಳೆ. ಕವಿ ಒಪ್ಪಿಕೊಳ್ಳುತ್ತಾನೆ. ಕಥೆ ಮುಂದೆ ಹೋದಂತೆ ಅವಳು ನಡುನಡುವೆ ಪ್ರಶ್ನೆ ಕೇಳುತ್ತಾಳೆ, ನಗುತ್ತಾಳೆ, ಅವನ ಬಡತನವನ್ನು ಚುಚ್ಚುತ್ತಾಳೆ. ರಾಮ, ಸೀತೆ, ಶತ್ರುಘ್ನರ ನಡುವೆ ಒಂದು ಬಾಡಿಗೆ ಮನೆಯ ಗಂಡ ಹೆಂಡಿರ ಮಾತು ಕೇಳಿಸಿದ ಹಾಗೆ ಆಗ್ತದೆ. ಮನೋರಮೆ ಎಂದರೆ ಕಮಲೆಯೇ ಎಂದು ಓದುಗರು ನಂಬಿಕೊಂಡು ಬಂದಿದ್ದಾರೆ.

ಒಂದರಿಂದ ಹತ್ತರವರೆಗೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಈ ಪುಸ್ತಕ ಸುಲಭ ಅಲ್ಲ. ಮನಸ್ಸಿನಲ್ಲೇ ಓದಿದರೆ ಎರಡನೇ ಪುಟಕ್ಕೆ ತಲೆ ತಿರುಗ್ತದೆ. ಜೋರಾಗಿ ಓದಿದರೆ, ಯಕ್ಷಗಾನದ ಅರ್ಥಗಾರಿಕೆ ಕೇಳಿ ಬೆಳೆದವರು ಒಬ್ಬರು ಪಕ್ಕದಲ್ಲಿದ್ದರೆ, ಅದು ಬಿಚ್ಚಿಕೊಳ್ತದೆ. ಅರ್ಥ ಆಗದಿದ್ದಲ್ಲಿ ಕೇಳುವ ಅಧಿಕಾರ ಮನೋರಮೆ ನಮಗೆ ಕೊಟ್ಟಿದ್ದಾಳೆ. ಅವಳು ಕಷ್ಟದ ಭಾಷೆಯ ಮುಂದೆ ನಾಚಿಕೊಂಡು ಕೂರಲಿಲ್ಲ. ಎದ್ದೂ ಹೋಗಲಿಲ್ಲ. ಕೂತು ಜಗಳ ಆಡಿ ತನಗೆ ಬೇಕಾದ ಹಾಗೆ ಕಥೆ ಹೇಳಿಸಿಕೊಂಡಳು. ನಮ್ಮ ಥರದ ಕನ್ನಡಿಗರಿಗೆ ಬೇಕಾದ ಧೈರ್ಯ ಅದು.

ಕಾಪು

ಮುದ್ದಣನಿಗೆ ಕ್ಷಯ ಹಿಡಿಯಿತು. ಆ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರಲ್ಲೇ ತೋರಿಸಿಕೊಟ್ಟಿದ್ದ. ಅಂದರೆ ಮುದ್ದಣನಿಗೆ ಹನ್ನೆರಡು ವರ್ಷವಿದ್ದಾಗಲೇ ಕಾಯಿಲೆ ಯಾವುದರಿಂದ ಎಂದು ವಿಜ್ಞಾನಕ್ಕೆ ಗೊತ್ತಿತ್ತು. ಅದನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಗೊತ್ತಾಗುವುದಕ್ಕೂ ಗುಣವಾಗುವುದಕ್ಕೂ ನಡುವೆ ಅರವತ್ತು ವರ್ಷ. ಆ ಅರವತ್ತು ವರ್ಷಗಳಲ್ಲಿ ಹೋದ ಅಸಂಖ್ಯ ಜನರಲ್ಲಿ ಇವನೂ ಒಬ್ಬ. ದಿನಾ ಕಸರತ್ತು ಮಾಡಿಸುತ್ತಿದ್ದ ಮೈ ಕರಗಿ 1901ರ ಫೆಬ್ರವರಿಯಲ್ಲಿ ನಿಂತುಹೋಯಿತು. ಕಮಲಾ ಮತ್ತು ಎಳೆ ಪ್ರಾಯದ ಮಗ ಉಳಿದರು. ಮದುವೆಯಾಗಿ ಎಂಟು ವರ್ಷವೂ ಆಗಿರಲಿಲ್ಲ.

ಪುಸ್ತಕ ಅವನಿಗಿಂತ ಹೆಚ್ಚು ತಿರುಗಿತು. ಘಟ್ಟದ ಮೇಲೆ, ಅವನು ಯಾರೆಂದು ಗೊತ್ತಿಲ್ಲದ ಊರುಗಳಲ್ಲಿ ಜನ ಅದನ್ನು ಓದಿ ಮೆಚ್ಚಿಕೊಂಡರು. ಈ ಮುದ್ದಣ ಎಂಬ ಹಳೆಯ ಕವಿ ಯಾವ ಕಾಲದವನು ಎಂದು ಪಂಡಿತರು ಯೋಚಿಸುತ್ತಿದ್ದಾಗ, ಅವನು ತಮ್ಮ ಕಾಲದವನೇ, ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದವನು ಎಂದು ತಿಳಿದುಬಂತು. ಪಂಜೆ ಮಂಗೇಶರಾಯರು, ಬೆನಗಲ್ ರಾಮರಾಯರು ಮೊದಲಾದವರು ಇದನ್ನು ಬೆಳಕಿಗೆ ತಂದರು. ಆ ಹೊತ್ತಿಗೆ ಚಪ್ಪಾಳೆ ಕೇಳಲು ಅವನು ಇರಲಿಲ್ಲ.

ಕಾಪು ಕಡಲಿನಲ್ಲಿ ನಾವು ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಬೊಂಡ ಕುಡಿದು, ಬಂಡೆ ಹತ್ತಿ ಲೈಟ್‌ಹೌಸಿನ ಕೆಳಗೆ ಕೂತೆವು. ಸುಮಾರು 27 ಮೀಟರ್ ಎತ್ತರದ ಗೋಪುರ, ಸಂಜೆ ಹೊತ್ತು ಒಳಗಿನ ಮೆಟ್ಟಿಲು ಹತ್ತಿ ಮೇಲೆ ಹೋಗ್ಲಿಕ್ಕೆ ಬಿಡ್ತಾರೆ. ನಮ್ಮಲ್ಲಿ ಮೆಕ್ಯಾನಿಕಲ್ ಓದುವವರು ಲೆಕ್ಕ ತೆಗೆದರು. 1901ರ ಆ ಮೊದಲ ಎನ್‌ಫೀಲ್ಡಿಗೆ ಇದ್ದದ್ದು ಒಂದೂವರೆ ಅಶ್ವಶಕ್ತಿ. ಎಂಜಿನ್ ಮುಂದೆ ಹ್ಯಾಂಡಲ್ ಹತ್ತಿರ, ಅಲ್ಲಿಂದ ಹಿಂದಿನ ಚಕ್ರಕ್ಕೆ ಉದ್ದದ ಚರ್ಮದ ಬೆಲ್ಟು. ನಮ್ಮ ಬುಲೆಟ್ಟಿಗೆ ಇರುವುದು ಇಪ್ಪತ್ತು. ಶಕ್ತಿಯನ್ನು ಈಗಲೂ ಕುದುರೆಯ ಲೆಕ್ಕದಲ್ಲೇ ಅಳೆಯುತ್ತೇವೆ. ಇಪ್ಪತ್ತು ಕುದುರೆ ಕಟ್ಟಿಕೊಂಡು ಬಂದ ನಾವು ಆ ದಿನ ಮುಟ್ಟಿದ್ದು ನೂರ ಇಪ್ಪತ್ತು ಕಿಲೋಮೀಟರ್. ಕಾಗದದ ಮೇಲೆ ಒಂದೇ ಕುದುರೆ ಬಿಟ್ಟವನು ಮುಟ್ಟಿದ ದೂರವನ್ನು ಯಾವ ಓಡೋಮೀಟರಿನಲ್ಲಿ ನೋಡುವುದು ಅಂತ ಯಾರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗಿ, ಮೇಲೆ ದೀಪ ಹತ್ತಿತು. ಈ ದೀಪ ಸುತ್ತುವುದು ದೂರದ ದೋಣಿಯವರಿಗೆ. ಅವರು ಯಾರು ಅಂತ ದೀಪಕ್ಕೆ ಗೊತ್ತಿಲ್ಲ, ದೀಪ ಹಚ್ಚಿದವರು ಯಾರು ಅಂತ ಅವರಿಗೂ ಗೊತ್ತಿಲ್ಲ. ಕೆಲಸ ಮಾತ್ರ ನಡೀತದೆ.

ಹಾಗಂತ ನಾವೆಲ್ಲ ಹೆಸರು ಮುಚ್ಚಿಟ್ಟುಕೊಂಡು ಬದುಕಬೇಕು ಅಂತ ಇದರ ಅರ್ಥ ಅಲ್ಲ. ಬಡ ಡ್ರಿಲ್ ಮಾಸ್ಟರೊಬ್ಬ ತನ್ನ ಹೆಸರಿನಲ್ಲಿ ಬರೆಯಲು ಹೆದರಬೇಕಾದ ಕಾಲ ಅದು, ಅಂಥ ಕಾಲ ವಾಪಸ್ ಬರುವುದು ಬೇಡ. ನಮ್ಮ ಮ್ಯಾಗಜೀನಿಗೆ ಬರೆಯಲು ಹಿಂಜರಿಯುವ ಎಷ್ಟೋ ಜನ ಕ್ಯಾಂಪಸ್ಸಿನಲ್ಲಿ ಇದ್ದಾರೆ. ನಮ್ಮ ಕನ್ನಡ ಸರಿ ಇಲ್ಲ, ನಾವು ಬರೀ ಇಂಜಿನಿಯರಿಂಗ್‌ನವರು ಅಂತ ಅವರ ಉತ್ತರ. ಅವರಿಗೆ ಈ ಕಥೆ ತಲುಪಬೇಕು. ಹೆಸರು ಹಾಕಿಯೇ ಬರೆಯಿರಿ.

ರಜೆ ಇನ್ನೂ ಉಳಿದವರಿಗೆ ಒಂದೆರಡು ಮಾತು. ಬೆಳಿಗ್ಗೆ ಆರೂವರೆಗೆ ಹೊರಟರೆ ಕಾರ್ಕಳದಲ್ಲಿ ಬನ್ಸ್ ಬಿಸಿ ಇರುವಾಗ ತಲುಪಬಹುದು. ಬೆಳ್ಮಣ್, ಶಿರ್ವದ ಒಳರಸ್ತೆಗಳಲ್ಲಿ ತಿರುವು ಜಾಸ್ತಿ, ಬಸ್ಸಿನವರಿಗೆ ದಾರಿ ಬಿಟ್ಟುಬಿಡಿ, ಹಿಂದೆ ಕೂತವರಿಗೂ ಹೆಲ್ಮೆಟ್ ಇರಲಿ. ರಾಮಾಶ್ವಮೇಧ ಲೈಬ್ರರಿಯಲ್ಲಿ ಸಿಗದಿದ್ದರೆ ಕ್ಲಬ್ಬಿನಲ್ಲಿ ಕೇಳಿ. ರಜೆ ಮುಗಿಸಿ ಬಂದ ಮೇಲೆ ಜನವರಿ 24 ಬರ್ತದೆ, ಮುದ್ದಣ ಹುಟ್ಟಿದ ದಿನ. ಆ ಸಂಜೆ ಕ್ಲಬ್ ರೂಮಿನಲ್ಲಿ ಮೊದಲ ಅಧ್ಯಾಯವನ್ನು ಜೋರಾಗಿ ಓದುವುದು ಅಂತ ಮಾಡಿದ್ದೇವೆ. ಮುದ್ದಣನ ಮಾತು ಓದಲು ಇಬ್ಬರು ಸಿಕ್ಕಿದ್ದಾರೆ. ಮನೋರಮೆಯ ಪಾಲಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಅರ್ಥ ಆಗದಿದ್ದಲ್ಲಿ ನಿಲ್ಲಿಸಿ ಕೇಳುವವರು ಬೇಕು, ಬನ್ನಿ.